ಬೈಕಿಗೊಂದು ಜಮಾ-ಖರ್ಚು

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತೈದು ವರ್ಷ ಲೆಕ್ಕ ಬರೆದವನು ನಾನು. ನಿವೃತ್ತನಾದ ಮೇಲೆ ಲೆಡ್ಜರ್ ಮುಟ್ಟಿಲ್ಲ. ಆದರೆ ಲೆಕ್ಕ ಹಾಕುವ ಚಾಳಿ ಮಾತ್ರ ಹೋಗಿಲ್ಲ. ತರಕಾರಿ ಚೀಲದಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಜಮಾ ಎಷ್ಟು, ಖರ್ಚೆಷ್ಟು ಎಂದು ನೋಡಿಯೇ ನೋಡುತ್ತೇನೆ. ಈ ಚಾಳಿ ಮೋಟಾರ್ ಸೈಕಲ್ಲಿಗೂ ಒದಗಿ ಬಂತು ಎಂದರೆ ನೀವು ನಂಬಲಿಕ್ಕಿಲ್ಲ.

ಕೆಲಸಕ್ಕೆ ಸೇರಿ ವರ್ಷವಾಗಿರುವ ನನ್ನ ಮೊಮ್ಮಗ ಒಂದು ಸ್ಪೋರ್ಟ್ ಬೈಕು ಕೊಂಡಿದ್ದಾನೆ. 155 ಸಿ.ಸಿ.ಯದು. ಮೈತುಂಬ ಪ್ಲಾಸ್ಟಿಕ್ ಕವಚ, ಹ್ಯಾಂಡಲ್ ತಗ್ಗಿನಲ್ಲಿ, ಹಿಂದಿನ ಸೀಟು ಅಟ್ಟದ ಮೇಲೆ! ಕಳೆದ ದಸರಾ ರಜೆಯಲ್ಲಿ ಅವನ ಹೆಸರಿಗೆ ನಾಲ್ಕು ಪಾರ್ಸೆಲ್ ಬಂದವು. "ತಾತ, ಗ್ಯಾರೇಜಿಗೆ ಕೊಡಲ್ಲ, ಮನೇಲೇ ಹಾಕ್ತೀನಿ. ನೀವು ಸ್ವಲ್ಪ ಕೈ ಹಿಡೀತೀರಾ?" ಎಂದ. ಒಂಬತ್ತನೇ ತರಗತಿಯ ಮೊಮ್ಮಗಳು ಪುಟ್ಟಿ ಕರೆಯದೆಯೇ ಬಂದು ನಿಂತಳು.

ನನಗೆ ಇದೇನೂ ಹೊಸದಲ್ಲ. ನಮ್ಮದು ಮೈಸೂರು. ಇಲ್ಲಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು. ನನ್ನ ಹತ್ತಿರವೂ ಒಂದು ಯೆಜ್ಡಿ ಇತ್ತು. ಗೇರ್ ಹಾಕುವ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯುವ ಗಾಡಿ ಅದು. ಸೈಡ್ ಬಾಕ್ಸು, ಕ್ರ್ಯಾಶ್ ಗಾರ್ಡು, ರೆಕ್ಸಿನ್ ಸೀಟ್ ಕವರು ಎಲ್ಲವನ್ನೂ ನಾನೇ ಭಾನುವಾರ ಕೂತು ಹಾಕಿಕೊಂಡಿದ್ದೆ. ಆಗಿನ ಗಾಡಿಗೆ 6 ವೋಲ್ಟಿನ ಬ್ಯಾಟರಿ. ಹಾರ್ನ್ ಹೊಡೆದರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ಬ್ಯಾಟರಿಯೂ ಒಂದು ಉಳಿತಾಯ ಖಾತೆ ಎಂದು ನಾನು ಕಲಿತದ್ದು ಅಲ್ಲಿಯೇ.

ಪಾರ್ಸೆಲ್‌ಗಳಲ್ಲಿ ಇದ್ದವು ಇಷ್ಟು: ಮೊಬೈಲ್ ಇಡುವ ಹಿಡಿಕೆ ಮತ್ತು ಚಾರ್ಜರ್, ಒಂದು ಜೊತೆ ಫಾಗ್ ಲೈಟು, ಗಾಡಿ ಮಗುಚಿದರೆ ಕವಚ ಒಡೆಯದಂತೆ ತಡೆಯುವ ಫ್ರೇಮ್ ಸ್ಲೈಡರ್ ಎಂಬ ದಪ್ಪ ಗೂಟಗಳು, ಕೊನೆಯದು ಹಿಂದಿನ ಮಡ್‌ಗಾರ್ಡ್ ತೆಗೆದು ಅದರ ಜಾಗಕ್ಕೆ ಹಾಕುವ ಪುಟ್ಟ ಬ್ರ್ಯಾಕೆಟ್.

"ಸ್ಪ್ಯಾನರ್ ಆಮೇಲೆ. ಮೊದಲು ನೋಟ್‌ಬುಕ್ಕು, ಪೆನ್ನು" ಎಂದೆ. ಮೊಮ್ಮಗ ಮುಖ ಕಿವುಚಿದ. ಪುಟ್ಟಿ ಓಡಿಹೋಗಿ ತಂದಳು.

ಲೆಕ್ಕ ಸುಲಭ, ಮಕ್ಕಳೇ, ನೀವೂ ಹಾಕಬಹುದು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ಒಂದೊಂದು ದೀಪ 20 ವ್ಯಾಟ್, ಎರಡಕ್ಕೆ 40. ಬ್ಯಾಟರಿ 12 ವೋಲ್ಟ್. 40 ಭಾಗಿಸು 12 ಅಂದರೆ 3.3 ಆಂಪಿಯರ್. ಚಾರ್ಜರಿಗೆ ಹೆಚ್ಚೆಂದರೆ 1 ಆಂಪಿಯರ್. ಇದು ಖರ್ಚಿನ ಕಡೆ. ಎಂಜಿನ್ ತಿರುಗುವಾಗ ಒಳಗೆ ಹುಟ್ಟುವ ವಿದ್ಯುತ್ತು ಜಮಾ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಿಧಾನ, ಜಮಾ ಕಡಿಮೆ. ಆಗ ದೀಪ ಉರಿಯುತ್ತಲೇ ಇದ್ದರೆ ಉಳಿತಾಯಕ್ಕೆ ಕೈ ಬೀಳುತ್ತದೆ.

"ಚಾರ್ಜರನ್ನ ನೇರ ಬ್ಯಾಟರಿಗೇ ಕೊಟ್ಟುಬಿಡ್ತೀನಿ ತಾತ. ಅದರಲ್ಲಿ ಇರೋದು ಚಿಕ್ಕ ನೀಲಿ ದೀಪ ಅಷ್ಟೇ" ಎಂದ ಮೊಮ್ಮಗ. ಆ ಚಿಕ್ಕ ದೀಪ ಮತ್ತು ಅದರ ಒಳಗಿನ ಸರ್ಕ್ಯೂಟು ಸೇರಿ 20 ಮಿಲಿ ಆಂಪಿಯರ್ ಎಳೆಯುತ್ತದೆ ಎಂದು ಇಟ್ಟುಕೊಳ್ಳಿ. ಅವನ ಬ್ಯಾಟರಿಯ ಮೇಲೆ 4 ಆಂಪಿಯರ್ ಅವರ್ ಎಂದು ಬರೆದಿತ್ತು. ಅಂದರೆ 4000 ಮಿಲಿ ಆಂಪಿಯರ್ ಅವರ್. 20ರಿಂದ ಭಾಗಿಸಿ ಎಂದೆ. "200 ಗಂಟೆ! ಎಂಟು ದಿನ ಚಿಲ್ಲರೆ!" ಎಂದು ಪುಟ್ಟಿ ಕೂಗಿದಳು. ಹತ್ತು ದಿನ ಊರಿಗೆ ಹೋಗಿ ಬಂದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಅದಕ್ಕೇ ರಿಲೇ ಹಾಕಿ, ಕೀಲಿ ತಿರುಗಿಸಿದಾಗ ಮಾತ್ರ ಚಾರ್ಜರಿಗೂ ದೀಪಕ್ಕೂ ವಿದ್ಯುತ್ ಹೋಗುವಂತೆ ಮಾಡಿದೆವು.

ಕೆಲಸ ಶುರುವಾದದ್ದು ಬ್ಯಾಟರಿಯಿಂದ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಕಾರಣ ಇದೆ. ಗಾಡಿಯ ಕಬ್ಬಿಣದ ಮೈಯೆಲ್ಲ ನೆಗೆಟಿವ್‌ಗೆ ಸೇರಿರುತ್ತದೆ. ಪಾಸಿಟಿವ್ ಬೋಲ್ಟಿನ ಮೇಲೆ ಇಟ್ಟ ಸ್ಪ್ಯಾನರ್ ಅಪ್ಪಿತಪ್ಪಿ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ. ದೀಪಕ್ಕೆ 5 ಆಂಪಿಯರಿನ ಫ್ಯೂಸು, ಚಾರ್ಜರಿಗೆ 2ರದು. ಎರಡನ್ನೂ ಬ್ಯಾಟರಿಯ ಪಕ್ಕದಲ್ಲೇ ಇಟ್ಟೆವು. ಫ್ಯೂಸ್ ಎಂದರೆ ಬಾಗಿಲಲ್ಲಿ ನಿಂತ ಕಾವಲುಗಾರ. ಅವನನ್ನು ಹಿತ್ತಲಲ್ಲಿ ನಿಲ್ಲಿಸಿದರೆ, ಬಾಗಿಲಿಂದ ಹಿತ್ತಲವರೆಗಿನ ತಂತಿಗೆ ಕಾವಲೇ ಇರುವುದಿಲ್ಲ. ತಂತಿ ಕಟ್ಟಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿದೆವು. ಎಲ್ಲೂ ಬಿಗಿಯಲಿಲ್ಲ, ಉಜ್ಜಲಿಲ್ಲ.

ಸ್ಲೈಡರ್ ಹಾಕಲು ಎಂಜಿನ್ ಹಿಡಿದಿರುವ ಬೋಲ್ಟನ್ನೇ ಬಿಚ್ಚಬೇಕು. ಎಂಜಿನ್ ಕೆಳಗೆ ಜ್ಯಾಕ್ ಮೇಲೆ ಮರದ ತುಂಡು ಆನಿಸಿಟ್ಟು, ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋದೆವು. ಬಿಗಿ ಎಷ್ಟಿರಬೇಕೆಂದು ಸರ್ವೀಸ್ ಮ್ಯಾನ್ಯುಯಲ್‌ನಲ್ಲಿದೆ. ಅಷ್ಟಾಗುತ್ತಲೇ ಟಕ್ ಎನ್ನುವ ಟಾರ್ಕ್ ರೆಂಚನ್ನು ಮೊಮ್ಮಗ ಗೆಳೆಯನಿಂದ ತಂದಿದ್ದ. ಸಂಜೆ ಗಾಡಿಯನ್ನು ಗೋಡೆಯಿಂದ ಐದು ಮೀಟರ್ ದೂರ ನಿಲ್ಲಿಸಿ, ದೀಪದ ಎತ್ತರಕ್ಕೆ ಗೋಡೆಗೆ ಟೇಪ್ ಅಂಟಿಸಿ, ಬೆಳಕು ಟೇಪಿನಿಂದ ಕೆಳಗೇ ಬೀಳುವಂತೆ ದೀಪ ಬಗ್ಗಿಸಿದೆವು. ನಮಗೆ ದಾರಿ ಕಾಣಬೇಕು ನಿಜ, ಎದುರಿನವನ ಕಣ್ಣು ಕೋರೈಸಬಾರದು.

ಮರುದಿನ ನಾಲ್ಕನೇ ಪಾರ್ಸೆಲ್. ತಕರಾರು ಎದ್ದದ್ದು ಇಲ್ಲಿ. ಮಡ್‌ಗಾರ್ಡಿನ ಜೊತೆ ಎಡಗಡೆಯ ಸೀರೆ ಗಾರ್ಡನ್ನೂ ಮೊಮ್ಮಗ ಬಿಚ್ಚಿಟ್ಟಿದ್ದ. "ಇಂಥ ಗಾಡಿಗೆ ಇದು ನೋಡೋಕೆ ಚೆನ್ನಾಗಿಲ್ಲ ತಾತ. ನನ್ನ ಫ್ರೆಂಡ್ಸ್ ಎಲ್ಲಾ ತೆಗೆಸಿದಾರೆ. ಸೀರೆ ಉಟ್ಟೋರು ಯಾರು ಇದರ ಮೇಲೆ ಕೂರ್ತಾರೆ?" ಎಂದ. ಒಳಗಿನಿಂದ ನನ್ನಾಕೆ, "ನಾನಂತೂ ಆ ಅಟ್ಟ ಹತ್ತಲ್ಲಪ್ಪ" ಎಂದಳು. ಅವನ ಮಾತಿಗೆ ಬಲ ಬಂತು.

ನಾನು ಪುಟ್ಟಿಯನ್ನು ನೋಡಿದೆ. ವಾರಕ್ಕೆ ಮೂರು ಸಂಜೆ ಅವಳನ್ನು ಟ್ಯೂಷನ್ನಿಗೆ ಬಿಡುವವನು ಇವನೇ. ಚೂಡಿದಾರ್, ಮೇಲೊಂದು ಉದ್ದನೆಯ ವೇಲ್.

ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿದ್ದ ಗೆಳೆಯನ ಹೆಂಡತಿ ಒಮ್ಮೆ ಮದುವೆ ಮನೆಗೆ ಹೊರಟವರು ದಾರಿಯಲ್ಲಿ ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದರು. ಪ್ರಾಣ ಉಳಿಯಿತು. ಆದರೆ ಎಡಗೈ ಭುಜದಿಂದ ಮೇಲೆ ಏಳಲೇ ಇಲ್ಲ. ತಲೆ ಬಾಚಿಕೊಳ್ಳಲೂ ಮಗಳೇ ಬರಬೇಕಿತ್ತು. ಇದನ್ನು ಹೇಳಿದೆ. ಹಿಂದಿನ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮ ಹೇಳುತ್ತದೆ ಎಂದೂ ಹೇಳಿದೆ. ಹುಡುಗ ತಲೆ ತಗ್ಗಿಸಿ ಬೋಲ್ಟ್ ಒರೆಸುತ್ತಲೇ ಇದ್ದ. ಹಳೆಯ ಕಥೆ, ಹಳೆಯ ಕಾನೂನು ಎಂದು ಅವನಿಗೆ ಅನಿಸಿರಬೇಕು.

ಗಾಡಿ ಪ್ಯಾಡಕ್ ಸ್ಟ್ಯಾಂಡಿನ ಮೇಲಿತ್ತು, ಹಿಂದಿನ ಚಕ್ರ ನೆಲ ಬಿಟ್ಟಿತ್ತು. ಕೀಲಿ ನನ್ನ ಜೇಬಿನಲ್ಲಿ, ಗೇರ್ ನ್ಯೂಟ್ರಲ್. ಇಷ್ಟು ಖಾತ್ರಿ ಮಾಡಿಕೊಂಡು, ಅಜ್ಜಿಯ ಹಳೆಯ ಹತ್ತಿ ಸೀರೆಯ ಒಂದು ಪಟ್ಟಿಯನ್ನು ಹಿಂದಿನ ಸೀಟಿನಿಂದ ಎಡಕ್ಕೆ ಇಳಿಬಿಟ್ಟೆ. ಎಲ್ಲರನ್ನೂ ದೂರ ನಿಲ್ಲಿಸಿ, "ಟೈರ್ ಮೇಲೆ ಕೈಯಿಟ್ಟು ನಿಧಾನ ತಿರುಗಿಸು. ಚೈನಿನ ಹತ್ತಿರ ಬೆರಳು ಬೇಡ" ಎಂದೆ.

ಒಂದು ಸುತ್ತೂ ಆಗಲಿಲ್ಲ. ಪಟ್ಟಿಯ ತುದಿ ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಸೇರಿತು, ಸೀಟಿನ ಮೇಲಿದ್ದ ಭಾಗ ಸರ್ರನೆ ಇಳಿದು ಹೋಯಿತು. ಹಿಂದಕ್ಕೆ ತಿರುಗಿಸಿ ಎಳೆದರೆ ಗ್ರೀಸ್ ಮೆತ್ತಿಕೊಂಡ ಚಿಂದಿ ಬಂತು.

ಪುಟ್ಟಿ ಟೇಪಿನಿಂದ ಚಕ್ರದ ಸುತ್ತಳತೆ ಅಳೆದಳು. ಹತ್ತಿರ ಹತ್ತಿರ ಎರಡು ಮೀಟರ್. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. "ಒಂದು ಸೆಕೆಂಡಿಗೆ ಐದೂವರೆ ಸುತ್ತು" ಎಂದಳು. ಈ ಸಲ ಅವಳು ಕೂಗಲಿಲ್ಲ. ವೇಲನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೊಮ್ಮಗ ಏನೂ ಮಾತಾಡಲಿಲ್ಲ. ಬಿಚ್ಚಿಟ್ಟಿದ್ದ ಗಾರ್ಡನ್ನು ತೊಳೆದು ಒರೆಸಿ ತಂದ. ಅದರ ಎರಡು ಬೋಲ್ಟನ್ನೂ ಟಾರ್ಕ್ ರೆಂಚಿನಲ್ಲೇ ಬಿಗಿದ. ಮಡ್‌ಗಾರ್ಡೂ ಸ್ವಸ್ಥಾನಕ್ಕೆ ಬಂತು, ನಂಬರ್ ಪ್ಲೇಟು ಮೊದಲಿನಂತೆ ನೆಟ್ಟಗೆ ನಿಂತಿತು. ನಾಲ್ಕನೇ ಪಾರ್ಸೆಲ್ ವಾಪಸ್ ಹೋಯಿತು. ಹಣ ಬರಲು ಎಂಟು ದಿನ ಹಿಡಿಯಿತು.

ಈಗಿನ ಮಕ್ಕಳು ಗಾಡಿಗೆ ಏನೂ ಸೇರಿಸಬಾರದು ಎಂದು ನಾನು ಹೇಳುವುದಿಲ್ಲ. ಸೇರಿಸಲಿ. ಕೈಯಲ್ಲಿ ಮಸಿ ಮಾಡಿಕೊಂಡು ಕಲಿತ ವಿದ್ಯೆ ಮರೆಯುವುದಿಲ್ಲ. ಆದರೆ ಹೊಸದೊಂದು ಬಂದಾಗ ಅದು ಯಾರ ಖಾತೆಯಿಂದ ಖರ್ಚಾಗುತ್ತಿದೆ ಎಂದು ಕೇಳಬೇಕು. ದೀಪ ಬ್ಯಾಟರಿಯ ಖಾತೆಯಿಂದ ತೆಗೆಯುತ್ತದೆ. ಅದನ್ನು ಎಂಜಿನ್ ಮತ್ತೆ ತುಂಬಿಸುತ್ತದೆ. ಗಾಡಿಯ ಅಂದಕ್ಕೆಂದು ಬಿಚ್ಚಿದ ಗಾರ್ಡು ತೆಗೆಯುವುದು ಹಿಂದೆ ಕೂತವರ ಖಾತೆಯಿಂದ. ಅದನ್ನು ತುಂಬಿಸಿಕೊಡುವವರು ಯಾರೂ ಇಲ್ಲ.

ಪುಟ್ಟಿಯ ಲೆಕ್ಕದ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಎರಡು ಹೆಚ್ಚುವರಿ ಫ್ಯೂಸಿನ ಜೊತೆ ಸೀಟಿನ ಕೆಳಗೆ ಇಟ್ಟಿದ್ದೇವೆ. ಯಾವ ತಂತಿ ಎಲ್ಲಿಗೆ, ಯಾವ ಫ್ಯೂಸು ಎಷ್ಟರದು ಎಲ್ಲ ಅದರಲ್ಲಿದೆ. ನಾಳೆ ಯಾವ ಮೆಕ್ಯಾನಿಕ್ ಸೀಟು ತೆಗೆದರೂ ಅವನಿಗೆ ಲೆಕ್ಕ ಸಿಗಬೇಕಲ್ಲ!