ಸರೋನಿಕ್ ಕೊಲ್ಲಿಯಲ್ಲಿ ಒಂದು ಹಗಲು

ಬಿ.ಎಂ. ಶ್ರೀಕಂಠಯ್ಯನವರ ಮೂರು ನಾಟಕಗಳನ್ನು ನಾನು ಇಪ್ಪತ್ತೆಂಟು ವರ್ಷಗಳಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇನೆ. 'ಗದಾಯುದ್ಧ ನಾಟಕಂ' (1926) ರನ್ನನ ಕಾವ್ಯವನ್ನು ರಂಗಕ್ಕೆ ತಂದದ್ದು. 'ಅಶ್ವತ್ಥಾಮನ್' (1929) ಸೊಫೋಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದ ಆವರಣಕ್ಕೆ ಒಗ್ಗಿಸಿಕೊಂಡದ್ದು. 'ಪಾರಸಿಕರು' (1935) ಏಸ್ಕಿಲಸನ ನಾಟಕದ ಅನುವಾದ. ಕೊನೆಯ ಎರಡು ಕೃತಿಗಳ ಗ್ರೀಕ್ ಮೂಲಗಳಿಗೆ ಒಂದೇ ಒಂದು ಪುಟ್ಟ ದ್ವೀಪದ ನಂಟಿದೆಯೆಂಬುದನ್ನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ನೆನಪಿಸುತ್ತಿದ್ದೆ. ಅದು ಸಲಾಮಿಸ್. ವೀರ ಏಜಾಕ್ಸನ ತವರು ಆ ದ್ವೀಪ, ಕ್ರಿ.ಪೂ. 480ರಲ್ಲಿ ಪಾರಸಿಕ ಚಕ್ರವರ್ತಿ ಕ್ಸೆರ್ಕ್ಸೀಸನ ನೌಕಾಬಲ ಮುರಿದುಬಿದ್ದುದೂ ಅದರ ಮಗ್ಗುಲಿನ ಇಕ್ಕಟ್ಟಾದ ಜಲಸಂಧಿಯಲ್ಲಿ. ಸೀಮೆಸುಣ್ಣದಲ್ಲಿ ಅದರ ನಕ್ಷೆಯನ್ನು ಎಷ್ಟು ಸಲ ಬರೆದು ಅಳಿಸಿದ್ದೆನೋ ಲೆಕ್ಕವಿಲ್ಲ. ಕಣ್ಣಾರೆ ಕಾಣುವ ಯೋಗ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ.

ನನ್ನ ಮಗ ಆರು ವರ್ಷಗಳಿಂದ ಜರ್ಮನಿಯ ಮ್ಯೂನಿಕ್ ನಗರದಲ್ಲಿದ್ದಾನೆ. ಅಲ್ಲಿ ಅವನು ಪಿಎಚ್.ಡಿ. ಸಂಶೋಧನೆಯಲ್ಲಿ ತೊಡಗಿರುವನೆಂಬುದು ನನ್ನ ತಿಳಿವಳಿಕೆಯಾಗಿತ್ತು. ಕಳೆದ ಬೇಸಗೆಯ ರಜೆಯಲ್ಲಿ ಮೂರು ವಾರ ಅವನೊಡನೆ ಇದ್ದು ಬರಲು ಹೊರಟೆ. ನನ್ನ ಪತ್ನಿ ವಯಸ್ಸಾದ ತಾಯಿಯನ್ನು ಬಿಟ್ಟು ಬರಲಾಗದೆ ಊರಲ್ಲೇ ಉಳಿದಳು. ನನಗೆ ಗ್ರೀಕರ ಹುಚ್ಚು ಇರುವುದನ್ನು ಬಲ್ಲ ಮಗ ಅಥೆನ್ಸ್‌ನಲ್ಲಿ ನಾಲ್ಕು ದಿನ ತಂಗುವ ಏರ್ಪಾಟು ಮಾಡಿದ್ದ. ಅದರಲ್ಲಿ ಒಂದು ದಿನ ದೋಣಿ ವಿಹಾರಕ್ಕೆ ಮೀಸಲು. ಬೆಳಗ್ಗೆ ಹೊರಟು ಹೈಡ್ರಾ, ಪೋರೊಸ್, ಏಜಿನಾ ಎಂಬ ಮೂರು ದ್ವೀಪಗಳಲ್ಲಿ ಇಳಿದು, ಸಂಜೆಗೆ ಹಿಂದಿರುಗುವ ಯಾತ್ರೆಯದು.

ಅದಕ್ಕೆ ವಾರದ ಮುಂಚೆ ಮ್ಯೂನಿಕ್‌ನ ಗ್ಲಿಪ್ಟೊಥೆಕ್ ಎಂಬ ಶಿಲ್ಪಾಲಯಕ್ಕೆ ಹೋಗಿದ್ದೆವು. 1830ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಸಂಗ್ರಹಾಲಯದ ಮುಖ್ಯ ಆಸ್ತಿಯೆಂದರೆ ಏಜಿನಾ ದ್ವೀಪದ ಅಫಾಯ ದೇವಾಲಯದ ಶಿಲ್ಪಗಳು. 1811ರಲ್ಲಿ ಇಂಗ್ಲೆಂಡಿನ ಕಾಕರೆಲ್, ಜರ್ಮನಿಯ ಹಾಲರ್ ಮತ್ತು ಅವರ ಜೊತೆಗಾರರು ಅಗೆದು ತೆಗೆದ ಈ ಮೂರ್ತಿಗಳು ಮರುವರ್ಷ ಹರಾಜಾಗಿ ಬವೇರಿಯದ ಯುವರಾಜ ಲುಡ್ವಿಗನ ಪಾಲಾದವು. ಮುರಿದ ಅಂಗಗಳನ್ನು ಶಿಲ್ಪಿ ಥೋರ್ವಾಲ್ಡ್‌ಸೆನ್ ರೋಮಿನಲ್ಲಿ ಹೊಸದಾಗಿ ಕಡೆದು ಜೋಡಿಸಿದ. ಇಪ್ಪತ್ತನೆಯ ಶತಮಾನದಲ್ಲಿ ಅವನ್ನೆಲ್ಲ ಮತ್ತೆ ಕಳಚಿ ತೆಗೆದರು. ಪಾಠಾಂತರಗಳನ್ನು ಸೇರಿಸುವುದೂ ಕಿತ್ತೆಸೆಯುವುದೂ ಗ್ರಂಥಸಂಪಾದಕರ ಲೋಕದಲ್ಲಿ ಮಾತ್ರ ನಡೆಯುವುದಿಲ್ಲ.

ದೇವಾಲಯದ ಎರಡು ತುದಿಗಳ ತ್ರಿಕೋನಾಕಾರದ ಮುಡಿಗಳಲ್ಲಿದ್ದ ಈ ಶಿಲ್ಪಗಳು ಟ್ರಾಯ್ ನಗರದ ಮೇಲಿನ ಎರಡು ಯುದ್ಧಗಳನ್ನು ಕಂಡರಿಸುತ್ತವೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ ಮಾತು. ಪೂರ್ವದ ಮುಡಿಯಲ್ಲಿ ಹಿಂದಿನ ತಲೆಮಾರಿನ ಯುದ್ಧ: ಹೆರಾಕ್ಲಿಸನ ಜೊತೆ ಹೋಗಿ ಕೀರ್ತಿಯೊಡನೆ ಮರಳಿದ ಟೆಲಮನ್ ಅಲ್ಲಿದ್ದಾನೆ. ಪಶ್ಚಿಮದ ಮುಡಿಯಲ್ಲಿ ಹೋಮರನ ಯುದ್ಧ: ಅಲ್ಲಿ ಅವನ ಮಗ ಏಜಾಕ್ಸ್. ಒಂದೇ ದೇವಾಲಯದ ಮೂಡಲಿಗೆ ತಂದೆ, ಪಡುವಲಿಗೆ ಮಗ. ಇಬ್ಬರ ನಡುವೆಯೂ ಕವಚಧಾರಿಣಿ ಅಥೀನ. ನಾನು ಮಗನಿಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಅವನು ಪಡುವಣ ಮುಡಿಯ ಮೂಲೆಯಲ್ಲಿ ಎದೆಗೆ ನಾಟಿದ ಬಾಣವನ್ನು ಕೀಳುತ್ತ, ತುಟಿಯ ಮೇಲೆ ಮಾಸದ ನಗೆಯಿರುವ ಯೋಧನನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ. ಏನೂ ಮಾತಾಡಲಿಲ್ಲ.

ದೋಣಿ ಬೆಳಗ್ಗೆ ಎಂಟರ ಸುಮಾರಿಗೆ ಪಿರಾಯಸ್ ಕಡೆಯಿಂದ ಹೊರಟಿತು. ದೋಣಿಯೆಂದರೂ ಅದು ಮೂರು ಅಂತಸ್ತಿನ ಹಡಗೇ. ನಾವು ಮೇಲಿನ ಅಂತಸ್ತಿನ ಬಲಮಗ್ಗುಲಿಗೆ ಕುಳಿತೆವು, ಸಲಾಮಿಸ್ ಆ ಕಡೆಗೇ ಕಾಣುವುದೆಂದು ನಾನು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಬೋಳುಬೆಟ್ಟಗಳ ಬೂದುನೀಲಿ ಸಾಲೊಂದು ಬಿಸಿಲಿನಲ್ಲಿ ಎದ್ದಿತು. ಅದರ ಮುಂದೆ ನೀರಿಗಿಟ್ಟ ಬೀಗದಂತೆ ಒಂದು ಕಿರುದ್ವೀಪ, ಸಿಟಾಲಿಯ. ಯುದ್ಧದ ಹಿಂದಿನ ರಾತ್ರಿ ಪಾರಸಿಕರು ತಮ್ಮ ಆಯ್ದ ಯೋಧರನ್ನು ಇಳಿಸಿದ್ದು ಅಲ್ಲಿ. ಕಡಲಿನಲ್ಲಿ ಸೋಲಾದ ಮೇಲೆ ಅವರು ಅಲ್ಲೇ ಸುತ್ತುವರಿಯಲ್ಪಟ್ಟು ಹತರಾದರು. 'ಪಾರಸಿಕರು' ನಾಟಕದ ದೂತ ರಾಜಮಾತೆಗೆ ಒಪ್ಪಿಸುವ ವರದಿಯಲ್ಲಿ ಅತ್ಯಂತ ದಾರುಣವಾದ ಭಾಗ ಅದೇ. ಇಂದು ಆ ದ್ವೀಪದಲ್ಲಿರುವುದು ಅಥೆನ್ಸ್ ಮಹಾನಗರದ ಕೊಳಚೆನೀರಿನ ಶುದ್ಧೀಕರಣ ಘಟಕ. ಮಗ ದೂರವಾಣಿಯಲ್ಲಿ ನಕ್ಷೆ ನೋಡಿ ಇದನ್ನು ಹೇಳಿದಾಗ ಮೊದಲು ಕಸಿವಿಸಿಯಾಯಿತು. ಆಮೇಲೆ, ನಲವತ್ತು ಲಕ್ಷ ಜನ ಬದುಕುವ ಊರಿಗೆ ಇಂಥದ್ದೂ ಎಲ್ಲಿಯಾದರೂ ಇರಲೇಬೇಕಲ್ಲ ಎನ್ನಿಸಿತು.

ಏಸ್ಕಿಲಸ್ ಈ ಯುದ್ಧದಲ್ಲಿ ತಾನೇ ಹೋರಾಡಿದನೆಂಬುದು ಪ್ರಾಚೀನರ ಹೇಳಿಕೆ. ಯುದ್ಧ ನಡೆದು ಎಂಟೇ ವರ್ಷಗಳಾಗಿದ್ದಾಗ, ಕ್ರಿ.ಪೂ. 472ರಲ್ಲಿ ನಾಟಕ ರಂಗಕ್ಕೆ ಬಂತು. ಗ್ರೀಕರ ಹಡಗು 310, ಪಾರಸಿಕರವು 1000 ಎಂದು ಅವನ ಲೆಕ್ಕ. ಹೆರೊಡೋಟಸ್ ಗ್ರೀಕರ ಸಂಖ್ಯೆಯನ್ನೇ 378 ಎನ್ನುತ್ತಾನೆ. ಸಂಖ್ಯೆ ಹೇಗಾದರೂ ಇರಲಿ, ಗೆದ್ದವನು ಸೋತವರ ಅರಮನೆಯೊಳಗೆ ಹೋಗಿ ಕುಳಿತು ಅವರ ದುಃಖವನ್ನು ಬರೆದನೆಂಬುದು ಮುಖ್ಯ. ಇಡೀ ನಾಟಕ ನಡೆಯುವುದು ಪಾರಸಿಕರ ಸೂಸಾ ನಗರದಲ್ಲಿ. ಒಬ್ಬ ಗ್ರೀಕ್ ವೀರನ ಹೆಸರೂ ಅಲ್ಲಿ ಬರುವುದಿಲ್ಲ; ಮಡಿದ ಪಾರಸಿಕರ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ರನ್ನನ ದುರ್ಯೋಧನನಲ್ಲಿ ಮಹಾನುಭಾವತೆಯನ್ನು ಕಂಡ ಶ್ರೀಯವರು ಕೆಲವೇ ವರ್ಷಗಳಲ್ಲಿ ಈ ನಾಟಕದ ಕಡೆಗೆ ತಿರುಗಿದ್ದು ಆಕಸ್ಮಿಕವಲ್ಲವೆಂದು ನಾನು ತರಗತಿಯಲ್ಲಿ ಹೇಳುವುದುಂಟು.

ಹೈಡ್ರಾ ತಲುಪುವ ವೇಳೆಗೆ ಬಿಸಿಲೇರಿತ್ತು. ಹೆಸರಿನಲ್ಲಿ ನೀರಿದ್ದರೂ ನೆಲ ಒಣಗಿದ್ದು. ಮೋಟಾರು ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲದ್ದರಿಂದ ಪ್ರವಾಸಿಗರ ಪೆಟ್ಟಿಗೆಗಳನ್ನೂ ಮನೆ ಕಟ್ಟುವ ಇಟ್ಟಿಗೆಗಳನ್ನೂ ಹೇಸರಗತ್ತೆಗಳೇ ಹೊರುತ್ತವೆ. ಬಂದರಿನ ಸುತ್ತ ಮೆಟ್ಟಿಲುಗಟ್ಟಿದಂತೆ ನಿಂತಿರುವ ಕಲ್ಲಿನ ದೊಡ್ಡ ಮನೆಗಳು ಹಡಗಿನ ಒಡೆಯರವು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಬ್ರಿಟಿಷರ ತಡೆಯನ್ನು ನುಸುಳಿ ಧಾನ್ಯ ಸಾಗಿಸಿ ಗಳಿಸಿದ ಹಣ ಅದು. 1821ರಲ್ಲಿ ತುರ್ಕರ ವಿರುದ್ಧ ಸ್ವಾತಂತ್ರ್ಯಸಮರ ಆರಂಭವಾದಾಗ ಅದೇ ಹಡಗುಗಳು ಯುದ್ಧನೌಕೆಗಳಾದವು. ನೆರಳಿನಲ್ಲಿ ನಿಂತು ನಿಂಬೆಯ ಪಾನಕ ಕುಡಿದು ಹಿಂದಿರುಗಿದೆವು. ಮಧ್ಯಾಹ್ನ ಹಡಗಿನಲ್ಲೇ ಊಟ: ಬ್ರೆಡ್ಡು, ಟೊಮೆಟೊ ರಸದಲ್ಲಿ ಬೇಯಿಸಿದ ಹುರುಳಿಕಾಯಿ, ಸೌತೆಕಾಯಿ, ಆಲಿವ್. ನನಗೆ ಸಾಕಾಯಿತು.

ಪೋರೊಸ್‌ಗೂ ಎದುರಿನ ಪೆಲೊಪೊನ್ನೀಸ್ ನೆಲಕ್ಕೂ ನಡುವೆ ಇರುವುದು ಕೆಲವೇ ನೂರು ಮೀಟರ್ ನೀರು. ದ್ವೀಪದ ಎತ್ತರದಲ್ಲಿ ಕಡಲದೇವತೆ ಪೊಸೈಡಾನನ ಗುಡಿಯ ಅವಶೇಷವಿದೆ. ಕ್ರಿ.ಪೂ. 322ರಲ್ಲಿ ಮ್ಯಾಸಿಡೋನಿಯದ ಭಟರು ಬೆನ್ನಟ್ಟಿ ಬಂದಾಗ ವಾಗ್ಮಿ ಡೆಮಾಸ್ತನೀಸ್ ಅಲ್ಲಿ ಆಶ್ರಯ ಪಡೆದಿದ್ದ. ಪತ್ರ ಬರೆಯುವವನಂತೆ ಲೇಖನಿಯ ತುದಿಯನ್ನು ಕಚ್ಚಿ, ಅದರಲ್ಲಿ ಅಡಗಿಸಿಟ್ಟಿದ್ದ ವಿಷವನ್ನು ನುಂಗಿದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ನಮಗಿದ್ದ ಮುಕ್ಕಾಲು ಗಂಟೆಯಲ್ಲಿ ಮೇಲೆ ಹೋಗಿಬರುವುದು ಸಾಧ್ಯವಿರಲಿಲ್ಲ. ಬಂದರಿನ ಕಟ್ಟೆಯ ಮೇಲೆ ಕುಳಿತು ಮಗನಿಗೆ ಈ ಕಥೆ ಹೇಳಿದೆ. "ಸಿಕ್ಕಿಬೀಳುವುದಕ್ಕಿಂತ ಅದೇ ಸುಲಭ ಅನ್ನಿಸಿತೇನೋ, ಅಪ್ಪ" ಎಂದ. ಮಾತಿನ ಧಾಟಿ ವಿಚಿತ್ರವಾಗಿ ಕೇಳಿಸಿತು. ಆದರೆ ಹಡಗಿನ ಸಿಳ್ಳೆ ಆಗಲೇ ಕೂಗಿತ್ತು.

ಏಜಿನಾದಲ್ಲಿ ಹೆಚ್ಚು ಸಮಯವಿತ್ತು. ಗ್ರೀಸಿನ ಮೊತ್ತಮೊದಲ ನಾಣ್ಯಗಳಲ್ಲಿ ಆಮೆಯ ಮುದ್ರೆಯಿರುವ ಏಜಿನಾದ ಬೆಳ್ಳಿಯ ನಾಣ್ಯಗಳೂ ಸೇರುತ್ತವೆ. ಇಂದು ದ್ವೀಪದ ಹೆಸರು ನಡೆಯುತ್ತಿರುವುದು ಪಿಸ್ತಾ ಬೆಳೆಯಿಂದ. ಪಿಸ್ತಾ ತೋಟಗಳ ನಡುವೆ ಬಸ್ಸು ಸುತ್ತಿ ಸುತ್ತಿ ಬೆಟ್ಟವೇರಿ ದೇವಾಲಯದ ಬಳಿ ನಿಂತಿತು. ಪೈನ್ ಮರಗಳು, ಅವುಗಳ ಅಂಟಿನ ವಾಸನೆ, ಕಿವಿ ಗುಂಯ್ಗುಡುವಷ್ಟು ಜೀರುಂಡೆಗಳ ಸದ್ದು. ಮುಂಭಾಗಕ್ಕೆ ಆರು, ಪಾರ್ಶ್ವಕ್ಕೆ ಹನ್ನೆರಡರಂತೆ ಒಟ್ಟು 32 ಕಂಬಗಳ ಹೊರಸುತ್ತಿದ್ದ ಕಟ್ಟಡವಿದು, ಸುಮಾರು ಕ್ರಿ.ಪೂ. 500ರ ಆಸುಪಾಸಿನದು. ಇಪ್ಪತ್ತಕ್ಕೂ ಹೆಚ್ಚು ಕಂಬಗಳು ಈಗಲೂ ನಿಂತಿವೆ.

ಈ ಗುಡಿ ಯಾವ ದೇವತೆಯದೆಂಬುದೇ ಬಹುಕಾಲ ತಿಳಿದಿರಲಿಲ್ಲ. ಜ್ಯೂಸನದೆಂದು ಕೆಲವರು, ಅಥೀನಳದೆಂದು ಕೆಲವರು ವಾದಿಸಿದ್ದರು. 1901ರಲ್ಲಿ ಫುರ್ಟ್‌ವೆಂಗ್ಲರ್ ಅಲ್ಲಿ ಉತ್ಖನನ ನಡೆಸಿದಾಗ ದೊರೆತ ಒಂದು ಶಾಸನ ವಾದವನ್ನು ಮುಗಿಸಿತು. ಅಫಾಯಳಿಗೆ ಮನೆಯನ್ನೂ ಬಲಿಪೀಠವನ್ನೂ ಮಾಡಿಸಿದ, ದಂತದ ಕೆಲಸವನ್ನು ಸೇರಿಸಿದ ವಿಷಯ ಅದರಲ್ಲಿತ್ತು. ಕಾಲವನ್ನು ಹೇಳಿರುವುದು ಆಗಿನ ಅರ್ಚಕನ ಹೆಸರಿನಿಂದ. ನಮ್ಮ ದತ್ತಿಶಾಸನಗಳನ್ನು ಓದಿದವರಿಗೆ ಈ ಒಕ್ಕಣೆ ಅಪರಿಚಿತವೆನಿಸದು. ಮೈನಾಸ್ ದೊರೆಯಿಂದ ತಪ್ಪಿಸಿಕೊಂಡು ಬಂದ ಕನ್ಯೆಯೊಬ್ಬಳು ಈ ದ್ವೀಪದಲ್ಲಿ ಕಣ್ಮರೆಯಾದಳು, ಕಾಣದಾದವಳೇ ಅಫಾಯ ಎಂದು ಐತಿಹ್ಯ.

ನಾನು ಮೂಡಣ ಮುಖದ ಮುಂದೆ ನಿಂತು, ಟೆಲಮನ್ ಇದ್ದದ್ದು ಇಲ್ಲಿ, ಅವನ ಮಗ ಹಿಂಬದಿಯಲ್ಲಿ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ ಎಂದು ವಿವರಿಸತೊಡಗಿದೆ. ಮಗ ಬಿದ್ದ ಕಲ್ಲೊಂದರ ಮೇಲೆ ಕುಳಿತಿದ್ದ. "ಅಪ್ಪ, ನಿಮಗೊಂದು ವಿಷಯ ಹೇಳಬೇಕಿತ್ತು" ಎಂದ. ಪಿಎಚ್.ಡಿ. ಬಿಟ್ಟಿದ್ದಾನಂತೆ. ಈಗ ಒಂದು ಕಂಪನಿಯಲ್ಲಿ ಕೆಲಸ.

"ಎಷ್ಟು ದಿನವಾಯಿತು?"

"ಎರಡು ವರ್ಷ."

"ನಿನ್ನಮ್ಮನಿಗೆ ಗೊತ್ತೇ?"

"ಗೊತ್ತು. ನಿಮಗೆ ನಾನೇ ಹೇಳ್ತೀನಿ ಅಂದಿದ್ದೆ. ಆಗಲಿಲ್ಲ."

ಎರಡು ವರ್ಷಗಳಲ್ಲಿ ನಡೆದ ಮದುವೆ, ಗೃಹಪ್ರವೇಶ, ಕಾಲೇಜಿನ ಸಮಾರಂಭಗಳೆಲ್ಲ ಕಣ್ಮುಂದೆ ಬಂದವು. ನಮ್ಮ ಮನೆಯ ಎರಡನೆಯ ಡಾಕ್ಟರೇಟ್ ಬರುತ್ತಿದೆಯೆಂದು ನಾನು ಎಲ್ಲೆಲ್ಲಿ, ಯಾರ ಯಾರ ಎದುರು ಹೇಳಿಕೊಂಡಿರಲಿಲ್ಲ! ನಾನು ಏನೂ ಹೇಳದೆ ಎದ್ದು ಕಂಬಗಳನ್ನು ಎಣಿಸುತ್ತ ಗುಡಿಯನ್ನು ಒಂದು ಸುತ್ತು ಬಂದೆ. ಲೆಕ್ಕ ತಪ್ಪಿತು. ಇನ್ನೊಂದು ಸುತ್ತು ಬಂದೆ. ಪಡುವಣ ಮುಖದ ಬಳಿ ನಿಂತಾಗ, ಮೂರ್ತಿಗಳಿಲ್ಲದ ಆ ಬರಿದಾದ ಎತ್ತರದಲ್ಲಿ ಆಕಾಶ ಮಾತ್ರ ಇತ್ತು.

ಹಿಂದಿರುಗುವಾಗ ಹಡಗಿನಲ್ಲಿ ಹಾಡು ಕುಣಿತ ನಡೆದಿತ್ತು. ನಾವು ಹೊರಗೆ ಕುಳಿತೆವು. ಎಡಗಡೆಗೆ ಸಲಾಮಿಸ್ ಮತ್ತೆ ಕಾಣಿಸಿಕೊಂಡಿತು. ಈ ನೀರಿನ ಇತಿಹಾಸದಲ್ಲಿ ನಾನು ತರಗತಿಯಲ್ಲಿ ಹೇಳದೆ ಬಿಡುತ್ತಿದ್ದ ಒಂದು ಸಂಗತಿಯುಂಟು. ಯುದ್ಧಕ್ಕೆ ಮುನ್ನ ಗ್ರೀಕರು ಟೆಲಮನ್ ಮತ್ತು ಏಜಾಕ್ಸರನ್ನು ಸಲಾಮಿಸ್‌ನಿಂದಲೇ ಆವಾಹಿಸಿ, ಅವರ ಕುಲದ ಹಿರಿಯ ಏಯಕಸನನ್ನು ಕರೆತರಲು ಏಜಿನಾಕ್ಕೆ ಒಂದು ಹಡಗನ್ನೇ ಕಳಿಸಿದರೆಂದು ಹೆರೊಡೋಟಸ್ ಹೇಳುತ್ತಾನೆ. ಆ ದಿನ ಅತಿ ಹೆಚ್ಚಿನ ಪರಾಕ್ರಮ ತೋರಿದವರೆಂಬ ಕೀರ್ತಿ ಏಜಿನಾದವರಿಗೆ ಸಂದಿತು. ಐವತ್ತು ವರ್ಷ ತುಂಬುವುದರೊಳಗೆ, ಕ್ರಿ.ಪೂ. 431ರಲ್ಲಿ, ಅದೇ ಅಥೆನ್ಸಿನವರು ಏಜಿನಾದ ಜನರನ್ನು ಹೆಂಡಿರು ಮಕ್ಕಳ ಸಮೇತ ದ್ವೀಪದಿಂದ ಹೊರಹಾಕಿದರು. ದೂರದ ಸೂಸಾ ನಗರದ ತಾಯಿಯ ಅಳಲನ್ನು ರಂಗದ ಮೇಲೆ ಕಂಡು ಮರುಗಿದ ಊರು ಅದು. ಕಣ್ಣೆದುರಿನ ನೆರೆಯವರ ವಿಷಯದಲ್ಲಿ ಆ ಮರುಕ ಕೆಲಸಕ್ಕೆ ಬರಲಿಲ್ಲ.

ಏಜಾಕ್ಸ್ ಸಾಯಲು ನಿರ್ಧರಿಸುವುದಕ್ಕೆ ಇರುವ ಕಾರಣಗಳಲ್ಲಿ ಒಂದನ್ನು ನಾನು ಪ್ರತಿ ವರ್ಷ ಬಿಡಿಸಿ ಹೇಳುತ್ತೇನೆ: ಬರಿಗೈಯಲ್ಲಿ ಮರಳಿ ತಂದೆಗೆ ಹೇಗೆ ಮುಖ ತೋರಿಸಲಿ ಎಂಬ ಅಂಜಿಕೆ. ಶ್ರೀಯವರ ರೂಪಾಂತರದಲ್ಲಿ ಚಿರಂಜೀವಿಯೆಂದು ಹೆಸರಾದ ಅಶ್ವತ್ಥಾಮನಿಗೆ ಸಾವು ತಂದದ್ದರ ಬಗ್ಗೆ ವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. ನನ್ನ ಪ್ರಬಂಧದ ಒಂದು ಅಡಿಟಿಪ್ಪಣಿಯಲ್ಲಿ ನಾನು ಬೇರೊಂದು ವ್ಯತ್ಯಾಸವನ್ನು ಗುರುತಿಸಿದ್ದೆ. ದ್ರೋಣ ಆ ವೇಳೆಗೆ ಗತಿಸಿರುವುದರಿಂದ, ಹಿಂದಿರುಗಿ ಮುಖ ತೋರಿಸಬೇಕಾದ ತಂದೆ ಅಶ್ವತ್ಥಾಮನಿಗೆ ಇಲ್ಲ. ಅಷ್ಟು ಬರೆದು ಮುಂದಕ್ಕೆ ಹೋಗಿದ್ದೆ. ಸೊಫೋಕ್ಲಿಸನ ನಾಟಕದಲ್ಲಿ ಟೆಲಮನ್ ರಂಗದ ಮೇಲೆ ಒಮ್ಮೆಯೂ ಬರುವುದಿಲ್ಲ. ಅವನು ಕಠಿಣನೆಂಬುದು ನಮಗೆ ತಿಳಿಯುವುದು ಮಕ್ಕಳ ಭಯದಿಂದ. ಏಜಾಕ್ಸನ ತಮ್ಮ ಟ್ಯೂಸರನೂ ಅವನಿಗೆ ಅಂಜುತ್ತಾನೆ. ಅಣ್ಣನಿಲ್ಲದೆ ಮರಳಿದ ಅವನನ್ನು ಟೆಲಮನ್ ಹೊರಗಟ್ಟಿದನೆಂದೂ, ಅವನು ಸೈಪ್ರಸ್ಸಿಗೆ ಹೋಗಿ ಇನ್ನೊಂದು ಸಲಾಮಿಸ್ ಕಟ್ಟಿದನೆಂದೂ ಕಥೆ. ಹಾಗೆ ಆ ತಂದೆ ಇಬ್ಬರನ್ನೂ ಕಳೆದುಕೊಂಡ. ಏಜಾಕ್ಸ್ ಒಂದು ವೇಳೆ ಮನೆಗೆ ಬಂದಿದ್ದರೆ ಟೆಲಮನ್ ಏನು ಹೇಳಬೇಕಿತ್ತು? ಇಪ್ಪತ್ತೆಂಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಈಗಿನ ಕೆಲಸ ಎಂಥದ್ದು?" ಎಂದೆ.

ಮಗ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಹೇಳತೊಡಗಿದ. ಕಿವಿ ಕೇಳದವರು ಧರಿಸುವ ಶ್ರವಣಯಂತ್ರಗಳಿಗೆ ತಂತ್ರಾಂಶ ಬರೆಯುವ ಕೆಲಸ. ಗದ್ದಲದ ನಡುವೆ ಎದುರಿನವರ ಮಾತನ್ನು ಮಾತ್ರ ಹೆಕ್ಕಿ ಕೊಡುವುದು ಎಷ್ಟು ಕಷ್ಟವೆಂಬುದನ್ನು ಪಿರಾಯಸ್ ತಲುಪುವವರೆಗೂ ವಿವರಿಸಿದ. ಒಳಗೆ ವಾದ್ಯಗಳ ಅಬ್ಬರವಿತ್ತು. ನನಗೆ ಅರ್ಧ ಅರ್ಥವಾಯಿತು. ನಡುವೆ ಎರಡು ಪ್ರಶ್ನೆ ಕೇಳಿದೆ. ಎರಡನೆಯದು ಒಳ್ಳೆಯ ಪ್ರಶ್ನೆಯೆಂದು ಹೇಳಿದ. ಮನಸ್ಸಿನ ಕಹಿ ಅಂದೇ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಊರಿಗೆ ಬಂದ ಮೇಲೂ, ಯಾರಾದರೂ "ಮಗನ ಥೀಸಿಸ್ ಎಲ್ಲಿಗೆ ಬಂತು?" ಎಂದಾಗ ಉತ್ತರಿಸಲು ನಾಲಿಗೆ ತಡವರಿಸಿದ್ದುಂಟು. ಈಗ ನಿಜವನ್ನೇ ಹೇಳುತ್ತೇನೆ.

ಈ ವರ್ಷ 'ಅಶ್ವತ್ಥಾಮನ್' ಪಾಠ ಆರಂಭಿಸುವ ದಿನ ಕಪ್ಪುಹಲಗೆಯ ಮೇಲೆ ಎಂದಿನಂತೆ ಸಲಾಮಿಸ್ ಬರೆದೆ. ಅದರ ಕೆಳಗೆ ಮೊದಲ ಬಾರಿಗೆ ಏಜಿನಾವನ್ನೂ ಬರೆದೆ. ಟೆಲಮನ್ ಬಗ್ಗೆ ಎರಡು ಪುಟ ಬರೆದು ತರಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ರಂಗಕ್ಕೇ ಬಾರದ ಪಾತ್ರದ ಮೇಲೆ ಎರಡು ಪುಟ ಬರೆಯುವುದು ಹೇಗೆಂದು ಅವರು ಗೊಣಗುತ್ತಿದ್ದಾರೆ.