ಮೊದಲ ಭಿಶಿ ಯಾರಿಗೆ?

2019ರ ಶ್ರಾವಣ ಅಂದರೆ ಬೆಳಗಾವಿಯ ವಡಗಾವಿಯವರಿಗೆ ಇವತ್ತಿಗೂ ಮೊದಲು ನೆನಪಾಗುವುದು ನೀರು, ಆಮೇಲೆ ಹಬ್ಬ. ಆ ವರ್ಷ ಆಗಸ್ಟ್ 5ಕ್ಕೆ ನಾಗರಪಂಚಮಿ ಬಂದಿತ್ತು. ಉಂಡಿ ಕಟ್ಟಿ ಡಬ್ಬಿ ತುಂಬಿಸಿ, ತವರಿಗೆ ಹೊರಡಲು ಚೀಲ ಹೊಂದಿಸಿ ಇಟ್ಟಿದ್ದೆ. ಖಾನಾಪುರದಿಂದ ಅಣ್ಣನ ಫೋನು ಬಂತು: "ಮಲಪ್ರಭಾ ಘಾಟಿನ ಪಾವಟಿಗಿ ಒಂದೂ ಕಾಣವಲ್ವು. ಈ ಸಲ ನೀ ಬರಬ್ಯಾಡ ತಂಗಿ." ಮಲಪ್ರಭೆ ಹುಟ್ಟುವುದೇ ನಮ್ಮ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಹುಟ್ಟೂರಿನ ಹತ್ತಿರವೇ ಹೊಳೆ ಹಾಗೆ ಮೈದುಂಬಿದೆ ಎಂದರೆ ಮಳೆ ಎಷ್ಟಿತ್ತೆಂದು ನೀವೇ ಅಂದಾಜು ಮಾಡಿ.

ಇತ್ತ ನಮ್ಮ ಗಲ್ಲಿಯಲ್ಲೂ ಅದೇ ಗತಿ. ಬಳ್ಳಾರಿ ನಾಲಾ ಉಕ್ಕಿ ಯಳ್ಳೂರು, ವಡಗಾವಿ, ಶಹಾಪುರದ ಭತ್ತದ ಗದ್ದೆಗಳೆಲ್ಲ ಒಂದೇ ಕೆರೆಯಾಗಿದ್ದವು. ನೇಕಾರರ ಮನೆಗೆ ನೀರು ಬಾಗಿಲಿಂದಷ್ಟೇ ಬರುವುದಿಲ್ಲ, ನೆಲದಿಂದಲೂ ಏಳುತ್ತದೆ. ನಮ್ಮ ಮನೆಗಳ ಮಾಡು ತಗ್ಗು. ಮೇಲೆ ಜಕಾರ್ಡ್ ಕೂರಬೇಕಾದರೆ ಮಗ್ಗವನ್ನು ನೆಲ ಅಗೆದು ಗುಂಡಿಯಲ್ಲಿ ಇಳಿಸಬೇಕು. ಆ ಗುಂಡಿಯ ತಳದಿಂದ ನೀರು ಒಸರತೊಡಗಿತು. ಸಂಜೆಗೆ ಪಾದ ಮುಳುಗುವಷ್ಟಿದ್ದದ್ದು ಬೆಳಗಾಗುವುದರೊಳಗೆ ಮಗ್ಗದ ಮೋಟಾರು ಮುಳುಗಿಸಿತ್ತು. ತಂಬಿಗೆಯಿಂದ ಮೊಗೆ ಮೊಗೆದು ಹೊರಗೆ ಚೆಲ್ಲಿದೆವು. ಚೆಲ್ಲಿದಷ್ಟೂ ಮತ್ತೆ ಬರುತ್ತಿತ್ತು. ಬೀಮಿಗೆ ಸುತ್ತಿದ್ದ ಹಾಸು ನೆನೆದು ಬಣ್ಣ ಬಿಟ್ಟಿತು. ಅರ್ಧ ನೇಯ್ದ ಸೀರೆಯ ಅಂಚಿನ ಕೆಂಪು ಒಡಲಿನ ಹಳದಿಗೆ ಇಳಿದಿತ್ತು. ನಮ್ಮತ್ತೆ ಅದನ್ನು ಕತ್ತರಿಸಿ ತೆಗೆದು, ಹಿಂಡಿ, ಒಣಗಲು ಹಾಕಿದರು. ಯಾರೂ ಕೊಳ್ಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಮಳೆ ನಿಂತ ಮೇಲೆ ಶುರುವಾದ ಮೌನ ನೀರಿಗಿಂತ ಹೆಚ್ಚು ಹೆದರಿಸಿತು. ನೇಕಾರರ ಓಣಿಯಲ್ಲಿ ಹುಟ್ಟಿದ ಕೂಸು ಖಟ ಖಟ ಸದ್ದಿಗೇ ನಿದ್ದೆ ಮಾಡುತ್ತದೆ. ಆ ಸದ್ದೇ ಇಲ್ಲ. ಮಗ್ಗ ನಿಂತರೆ ಅದರ ಸುತ್ತಲಿನದೆಲ್ಲ ನಿಲ್ಲುತ್ತದೆ. ಕಂಡಿಕೆ ಸುತ್ತುವ ಅಜ್ಜಿಯರಿಗೆ ಕೆಲಸವಿಲ್ಲ, ಹಾಸು ಕೆಚ್ಚುವವರಿಗೆ ಕರೆಯಿಲ್ಲ. ಫಾಲ್-ಪಿಕೋ ಅಂಗಡಿ, ಮ್ಯಾಚಿಂಗ್ ಸೆಂಟರ್, ಮೂಲೆಯ ಚಹಾದಂಗಡಿ, ಉದ್ರಿ ಪುಸ್ತಕ ತುಂಬಿ ಹೋದ ಕಿರಾಣಿ ಅಂಗಡಿ, ಒಂದೊಂದಾಗಿ ಅರ್ಧ ಬಾಗಿಲು ಎಳೆದುಕೊಂಡವು. ಪುಣೆ-ಬೆಂಗಳೂರು ಹೆದ್ದಾರಿ ಕೊಲ್ಹಾಪುರದ ಬಳಿ ದಿನಗಟ್ಟಲೆ ಬಂದಾಗಿತ್ತು, ಆ ಕಡೆಯ ಗಿರಾಕಿ ಬರುವ ಮಾತೇ ಇರಲಿಲ್ಲ. ಬೀಮು ಕೊಡುವ ಮಾಲೀಕರು, "ಇದ್ದ ಮಾಲೇ ಹೋಗವಲ್ದು, ಸ್ವಲ್ಪ ತಡೀರಿ" ಅಂದರು. ಪಂಚನಾಮೆಯವರು ಬಂದು ಬರೆದುಕೊಂಡು ಹೋದರು. ಪರಿಹಾರ ಬರುವಾಗ ಬರಲಿ, ಅಲ್ಲಿಯವರೆಗೆ ಒಲೆ ಹೊತ್ತಿಸುವುದು ಹೇಗೆ? ಹುಡುಗರು ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸ ಕೇಳಲು ಹೊರಟರು. ಒಮ್ಮೆ ಅತ್ತ ಹೋದ ಕೈ ಮತ್ತೆ ಲಾಳಿ ಹಿಡಿಯುವುದು ಅಪರೂಪ ಎಂದು ಎಲ್ಲರಿಗೂ ಗೊತ್ತಿತ್ತು.

ಆಗ ಗುಡಿಯ ಕಟ್ಟೆಯ ಮೇಲೆ ಗಲ್ಲಿಯವರೆಲ್ಲ ಕೂಡಿದೆವು. ಕನ್ನಡದವರು, ಮರಾಠಿಯವರು, ಮಗ್ಗದವರು, ಅಂಗಡಿಯವರು, ಎಲ್ಲರೂ ಇದ್ದರು. ಸೊಸೈಟಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದ ಕಾಕಾ ಒಬ್ಬರು ಮಾತು ತೆಗೆದರು. ಹೊರಗಿನ ಸಾಲ ಸಿಗುವ ಮೊದಲು ನಮ್ಮೊಳಗಿನ ರೊಕ್ಕ ತಿರುಗಬೇಕು ಎಂಬುದು ಅವರ ವಾದ. ಅದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದು ಎರಡು ವರ್ಷ ತುಂಬುವುದರೊಳಗೆ, 1906ರ ಫೆಬ್ರುವರಿ 15ರಂದು ಗೋಕಾಕ ಅರ್ಬನ್, ಅದೇ ತಿಂಗಳ 23ರಂದು ಬೆಳಗಾವಿ ಪಯೋನಿಯರ್ ಸಂಘ ಹುಟ್ಟಿದ್ದವು. ಇಡೀ ಮುಂಬಯಿ ಪ್ರಾಂತದಲ್ಲೇ ಮೊದಮೊದಲು ಎದ್ದ ಪಟ್ಟಣದ ಪತ್ತಿನ ಸಂಘಗಳಲ್ಲಿ ಇವೂ ಸೇರಿವೆ. "ನಮ್ಮ ಹಿರಿಯರು ಮಾಡ್ಯಾರ. ನಾವ್ ಯಾಕ ಕೈಕಟ್ಟಿ ಕುಂಡ್ರಬೇಕು?" ಅಂದರು ಕಾಕಾ.

ಆದರೆ ಸಂಘ ಕಟ್ಟಲು, ನೋಂದಣಿ ಮಾಡಿಸಲು ಸಮಯವೆಲ್ಲಿತ್ತು? ದಸರಾ ಅಕ್ಟೋಬರ್ ಮೊದಲಲ್ಲೇ ಇತ್ತು. ನಮ್ಮ ಹತ್ತಿರ ಕೂಡಿಟ್ಟ ರೊಕ್ಕ ಅಂತ ಇದ್ದದ್ದು ಒಂದೇ, ಹೆಂಗಸರ ಭಿಶಿ. ಬಟವಾಡೆಯ ದಿನ ಮಜೂರಿಯಲ್ಲಿ ಸ್ವಲ್ಪ ತೆಗೆದಿಟ್ಟು, ತಿಂಗಳಿಗೊಮ್ಮೆ ಚೀಟಿ ಎತ್ತಿ, ಹೆಸರು ಬಂದವಳಿಗೆ ಗಂಟು ಕೊಡುವ ಪದ್ಧತಿ. ಮಗಳ ಬಳೆ, ಮಗನ ಫೀಸು, ಸೋರುವ ಹಂಚು, ಎಲ್ಲ ಅದರಿಂದಲೇ ನಡೆಯುತ್ತಿತ್ತು. ಆ ತಿಂಗಳು ಚೀಟಿ ಎತ್ತುವುದು ಬೇಡ, ಗಂಟು ಯಾರಿಗೆ ಹೋಗಬೇಕೆಂದು ಎಲ್ಲರೂ ಕೂಡಿ ನಿರ್ಧರಿಸೋಣ ಎಂಬ ಮಾತು ಬಂತು.

ಅಲ್ಲಿಂದ ಶುರುವಾಯಿತು ಜಗಳ. ಪಕ್ಕದ ಮನೆಯ ಅಕ್ಕನ ಗೋಡೆ ಕುಸಿದಿತ್ತು, ಗಂಡನಿಲ್ಲ, ಎರಡು ಮಕ್ಕಳು. ಅವಳಿಗೇ ಮೊದಲು ಕೊಡಬೇಕು ಎಂದು ಬಹಳ ಮಂದಿ ಅಂದರು. ಎಲ್ಲರಿಗೂ ಸಮನಾಗಿ ಹಂಚಿಬಿಡಿ ಎಂದರು ಕೆಲವರು. ಹಾಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದು ವಾರದ ಕಿರಾಣಿ ಬರುತ್ತಿತ್ತು, ಅಷ್ಟೇ. ದನಿ ಏರಿದಾಗ ಆ ಅಕ್ಕನೇ ಎದ್ದು ನಿಂತಳು. "ನನಗ ಕೊಟ್ರ ನನ್ನ ಗ್ವಾಡಿ ಏಳತೈತಿ. ಹಾಸು ಹೊಯ್ಯೋ ಅಣ್ಣಾಗ ಕೊಟ್ರ ಎಲ್ಲಾರ ಮಗ್ಗ ಏಳತಾವು. ಮೊದಲ ಅವಂಗ ಕೊಡ್ರಿ. ಎರಡನೇದ್ದು ನಂದು."

ಆ ಮಾತಿನ ತೂಕ ನೇಕಾರಿಕೆ ಬಲ್ಲವರಿಗೆ ಕೂಡಲೇ ತಿಳಿಯಿತು. ನೂಲು ಎಷ್ಟೇ ಇದ್ದರೂ ಅದನ್ನು ಎಳೆಎಳೆಯಾಗಿ ಜೋಡಿಸಿ, ಬಿಗಿ ಹಿಡಿದು ಬೀಮಿಗೆ ಸುತ್ತಿಕೊಡದ ಹೊರತು ಒಂದು ಮಗ್ಗವೂ ನಡೆಯದು. ನಮ್ಮ ಗಲ್ಲಿಯ ಹತ್ತಾರು ಮನೆಗಳಿಗೆ ಹಾಸು ಹೊಯ್ದುಕೊಡುತ್ತಿದ್ದದ್ದು ಆ ಒಂದೇ ಮನೆ. ಅದರ ಯಂತ್ರ ಕೆಸರಿನಲ್ಲಿ ನಿಂತಿತ್ತು. ಭಿಶಿಯ ಗಂಟು ಅವರಿಗೆ ಹೋಯಿತು. ಬಡ್ಡಿ ಬೇಡ ಎಂದೆವು, ಆದರೆ ಎರಡು ಷರತ್ತು ಹಾಕಿದೆವು. ದೀಪಾವಳಿವರೆಗೆ ಹಾಸಿನ ಕೂಲಿ ಉದ್ರಿ ಹಿಡಿಯಬೇಕು, ಕೆಲಸ ಗಲ್ಲಿಯವರದ್ದೇ ಮೊದಲು ಮಾಡಬೇಕು. ಇದನ್ನು ನೋಡಿ ಮೋಟಾರು ವೈಂಡಿಂಗ್ ಮಾಡುವ ಹುಡುಗನೂ, "ತಂತಿ ರೊಕ್ಕಾ ಅಷ್ಟ ಕೊಡ್ರಿ ಮಾವಶಿ, ಕೂಲಿ ಆಮ್ಯಾಲ ನೋಡೂಣು" ಅಂದ. ಬಿಚ್ಚಿದ ಮೋಟಾರುಗಳನ್ನು ಅವನ ಅಂಗಡಿಯ ಮುಂದೆ ಸಾಲಾಗಿ ಬಿಸಿಲಿಗೆ ಇಟ್ಟಿದ್ದರು. ಯಾರ ಮೋಟಾರು ಯಾವುದೆಂದು ಬಣ್ಣದ ನೂಲು ಕಟ್ಟಿ ಗುರುತು ಮಾಡಿದ್ದ. ಕಿರಾಣಿ ಅಂಗಡಿಯವರು ಹಳೆಯ ಉದ್ರಿಯನ್ನು ಬದಿಗಿಟ್ಟು ಹೊಸ ಪುಟ ತೆರೆದರು. ಗಣಪತಿ ಹಬ್ಬದ ಹೊತ್ತಿಗೆ ಮೊದಲ ಮಗ್ಗ ಸದ್ದು ಮಾಡಿತು. ಮಂಟಪದ ಲೈಟಿಂಗ್ ಕಡಿಮೆ ಮಾಡಿ, ಉಳಿದ ಪಟ್ಟಿಯ ರೊಕ್ಕದಲ್ಲಿ ಎರಡು ಮನೆಯ ಗುಂಡಿಗಳಿಗೆ ಸಿಮೆಂಟು ಹಾಕಿಸಿದರು ನಮ್ಮ ಹುಡುಗರು.

ನೇಯುವುದೇನೋ ಶುರುವಾಯಿತು, ಮಾರುವುದೆಲ್ಲಿ? ಗಿರಾಕಿ ಶಹಾಪುರದ ಖಡೇಬಜಾರಿನವರೆಗೆ ಬರುತ್ತಾನೆ, ನೇಯುವ ಮನೆಗೆ ಬರುವುದಿಲ್ಲ. ಶಹಾಪುರ ಸಾಂಗಲಿ ಸಂಸ್ಥಾನದ್ದಾಗಿದ್ದಾಗಿನಿಂದಲೂ ಅದೇ ಸೀರೆಯ ಪೇಟೆ. ಆ ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆಯುವುದು ನಮಗೆ ಬೇಕಿರಲಿಲ್ಲ. ಮಾಲೀಕರ ಬೀಮಿನ ಸೀರೆ ಅವರಿಗೇ ಕೊಡುವುದು, ಸ್ವಂತ ನೂಲಿನದನ್ನು ಮಾತ್ರ ನಮ್ಮ ಪಡಸಾಲೆಯಲ್ಲಿ ಮಾರುವುದು ಎಂದು ಗೆರೆ ಹಾಕಿಕೊಂಡೆವು. ದಸರೆಯಿಂದ ದೀಪಾವಳಿವರೆಗೆ ಪ್ರತಿ ರವಿವಾರ ಗಲ್ಲಿಯ ಎರಡೂ ಬದಿ ಬಾಗಿಲು ತೆರೆದವು. ಬಂದವರು ಮಗ್ಗದ ಮುಂದೆ ನಿಂತು, ಸೆರಗು ಮೂಡುವುದನ್ನು ನೋಡಿ, ಅಲ್ಲೇ ಕೊಂಡರು. ಎದುರಿಗೆ ಫಾಲ್ ಹಚ್ಚಿಸಿ, ಪಕ್ಕದಲ್ಲಿ ಕುಪ್ಪಸದ ಬಟ್ಟೆ ತೆಗೆದುಕೊಂಡು, ಮೂಲೆಯಲ್ಲಿ ಚಹಾ ಕುಡಿದು ಹೋದರು. ಒಂದು ಸೀರೆ ನಾಲ್ಕು ಅಂಗಡಿಗೆ ಬೋಣಿ ಮಾಡಿಸುತ್ತಿತ್ತು.

ತವರಿಗೆ ಫೋನು ಮಾಡಿ ಈ ರವಿವಾರದ ಮಾರಾಟದ ಸುದ್ದಿಯನ್ನು ಅಣ್ಣನಿಗೆ ಹೇಳಿದೆ. ಖಾನಾಪುರದ ಮಣ್ಣು ಹೆಸರುವಾಸಿ. ಕುಂಬಾರಿಕೆ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯೇ ಅಲ್ಲಿದೆ. ಅಲ್ಲಿನ ಕುಂಬಾರರಿಗೂ ಆ ವರ್ಷ ಹದ ಮಾಡಿಟ್ಟ ಮಣ್ಣು ಮಳೆಯಲ್ಲಿ ಹೋಗಿತ್ತು. ನಮ್ಮೂರಿನ ಕುಂಬಾರಕ್ಕ ಎರಡು ಬುಟ್ಟಿ ಪಣತಿ ಹೊತ್ತುಕೊಂಡು ಬೆಳಗಿನ ಬಸ್ಸಿಗೆ ಬಂದಳು. ನಮ್ಮ ಕಟ್ಟೆಯ ಮೇಲೆ ಅವಳಿಗೆ ಜಾಗ ಕೊಟ್ಟೆವು, ಬಾಡಿಗೆ ಕೇಳಲಿಲ್ಲ. ಮಧ್ಯಾಹ್ನಕ್ಕೆ ಬುಟ್ಟಿ ಖಾಲಿ. ಬಂದ ರೊಕ್ಕದಲ್ಲಿ ಅವಳು ಮೊದಲು ಕೊಂಡದ್ದು ಮಗಳಿಗೊಂದು ಸೀರೆ, ಗೋಡೆ ಬಿದ್ದ ಅಕ್ಕನ ಮಗ್ಗದ್ದು.

ಅಕ್ಕನ ಗೋಡೆ ಎರಡನೆಯ ಭಿಶಿಯಲ್ಲಿ ಎದ್ದಿತು. ಕೊಟ್ಟ ಮಾತು ಯಾರೂ ಮುರಿಯಲಿಲ್ಲ. ಫೌಂಡ್ರಿಗೆ ಹೋದ ಹುಡುಗರೆಲ್ಲ ಮರಳಲಿಲ್ಲ, ಕೆಲವು ಮಗ್ಗಗಳು ಗುಜರಿಗೇ ಹೋದವು. ಮರುವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮತ್ತೆ ಎಲ್ಲ ನಿಂತಿತು. ಆಗ ಮಾತ್ರ ಜಗಳವಾಗಲಿಲ್ಲ. ಭಿಶಿಯ ಪುಸ್ತಕದ ಮೊದಲ ಪುಟದಲ್ಲಿ ಕಾಕಾ ಬರೆದಿಟ್ಟ ನಿಯಮವಿತ್ತು: ಯಾರ ಕೆಲಸ ಶುರುವಾದರೆ ಹೆಚ್ಚು ಮನೆಗಳಿಗೆ ಕೆಲಸ ಸಿಗುತ್ತದೋ ಅವರಿಗೆ ಮೊದಲು, ಅವರಿಗಾಗಿ ಕಾಯ್ದವರಿಗೆ ಎರಡನೆಯದು.

ಪೇಟೆ ಸುಧಾರಣೆ ಎಂದರೆ ರಸ್ತೆಗೆ ಕಲ್ಲು ಹಾಸುವುದು, ಕಂಬಕ್ಕೆ ದೀಪ ಹಾಕುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದೂ ಬೇಕು. ಆದರೆ ಬಿದ್ದ ಪೇಟೆಯನ್ನು ಎಬ್ಬಿಸುವ ಮೊದಲ ಕೆಲಸ, ಅಲ್ಲಿ ಯಾರ ದುಡಿಮೆ ಯಾರಿಗೆ ಆಸರೆ ಎಂದು ತಿಳಿಯುವುದು. ಅದು ಆ ಪೇಟೆಯಲ್ಲಿ ಬದುಕುವವರಿಗೆ ಮಾತ್ರ ಗೊತ್ತಿರುತ್ತದೆ. ಅವರನ್ನು ಮೊದಲು ಕೇಳಿ. ಅದರಲ್ಲೂ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಏನು ಹೇಳುತ್ತಾಳೆಂದು ಕಿವಿಗೊಟ್ಟು ಕೇಳಿ. ನಮ್ಮ ಗಲ್ಲಿಗೆ ದಾರಿ ತೋರಿಸಿದ್ದು ಅವಳೇ.