ಮನೆಗೊಂದು ಹಣ

ಬುಧವಾರ ಬಂತೆಂದರೆ ನಮ್ಮ ಧಾರಾವಿಯಿಂದ ಮಾಹೀಮ್ ಸ್ಟೇಶನ್ನಿನ ಸೇತುವೆ ಹತ್ತಿ ಇಳಿದು, ಜನರ ಸಾಲೊಂದು ಪಶ್ಚಿಮದ ಕಡೆ ಹೊರಡುತ್ತದೆ. ಸೇಂಟ್ ಮೈಕೇಲ್ ಇಗರ್ಜಿಯ ನೊವೇನಾ ಪ್ರಾರ್ಥನೆಗೆ ಹೋಗುವವರು ಅವರು. ಅದರಲ್ಲಿ ಕ್ರೈಸ್ತರೇ ಇರಬೇಕೆಂದಿಲ್ಲ. ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು, ಎಲ್ಲರೂ ಇರುತ್ತಾರೆ. ಕಳೆದ ವರ್ಷ ಪರೀಕ್ಷೆಯ ದಿನಗಳಲ್ಲಿ ನಮ್ಮ ಮಗಳೂ ಗೆಳತಿಯ ಸಂಗಡ ಹೋಗಿ ಒಂದು ಮೇಣದಬತ್ತಿ ಹಚ್ಚಿ ಬಂದಳು. ಬಂದವಳು ಸುಮ್ಮನಿರಬಾರದೆ? ಅಲ್ಲಿ ಕೇಳಿದ ಹಾಡನ್ನು ಅಡುಗೆಮನೆಯಲ್ಲಿ ಗುನುಗತೊಡಗಿದಳು. ಊರಿನಿಂದ ಬಂದಿದ್ದ ನಮ್ಮ ತಂದೆಯವರ ಕಿವಿಗೆ ಅದು ಬಿತ್ತು.

ನಾವು ಹಾಸನದ ಕಡೆಯ ಜೈನರು. ತಂದೆಯವರು ಈ ಇಳಿವಯಸ್ಸಿನಲ್ಲೂ ಹೊತ್ತು ಮುಳುಗುವ ಮುನ್ನ ಉಂಡು ಕೈತೊಳೆಯುವವರು. ನಾವೋ ಕೇಂದ್ರ ಸರಕಾರದ ಗುಮಾಸ್ತರು. ಚರ್ಚ್‌ಗೇಟಿನಲ್ಲಿ ಗಾಡಿ ಹಿಡಿದು ಮನೆ ಸೇರುವಾಗ ಏಳೂವರೆ. ನಮ್ಮ ಕಚೇರಿಯ ವೇಳೆ ನೋಡಿಕೊಂಡು ಸೂರ್ಯ ಮುಳುಗುವುದಿಲ್ಲವಷ್ಟೆ. ಅಂದು ತಂದೆಯವರು ಮೊಮ್ಮಗಳಿಗೆ ಒಂದು ಮಾತೂ ಆಡಲಿಲ್ಲ. ನಮ್ಮನ್ನು ಮಾತ್ರ ಕರೆದು, “ನನಗೊಂದು ಟಿಕೇಟು ತೆಗೆಸಪ್ಪ, ಊರಿಗೆ ಹೋಗ್ತೀನಿ” ಎಂದರು.

ನಾವು ಓದಿದ್ದು ಬಿ.ಎಸ್ಸಿ.; ಇತಿಹಾಸ ನಮ್ಮ ವಿಷಯವಲ್ಲ. ಆದರೂ ಆ ವಾರ ಗ್ರಂಥಾಲಯದಲ್ಲಿ ಪ್ರಾಚೀನ ರೋಮಿನ ಕೊನೆಯ ಕಾಲದ ಒಂದು ಪುಸ್ತಕ ಕೈಗೆ ಸಿಕ್ಕಿ, ಪುಟ ತಿರುವುತ್ತಿದ್ದಂತೆ ನಮ್ಮ ಮನೆಯ ಕಥೆಯೇ ಅದರಲ್ಲಿ ಕಂಡಿತು. ಅಲ್ಬೀನಸ್ ಎಂಬ ದೊಡ್ಡ ಮನೆತನದವನು ಅಲ್ಲಿನ ಹಳೆಯ ದೇವತೆಗಳ ಪುರೋಹಿತ. ಅವನ ಮಗಳು ಲೀಟಾ ಕ್ರೈಸ್ತಳು. ಸುಮಾರು 403ರಲ್ಲಿ ಜೆರೋಮ್ ಎಂಬ ಪಾದ್ರಿ ಅವಳಿಗೆ ಪತ್ರ ಬರೆದು, ಮಗು ಪೌಲಾಳನ್ನು ಹೇಗೆ ಬೆಳೆಸಬೇಕೆಂದು ತಿಳಿಸುತ್ತಾನೆ. ತಾತನನ್ನು ಕಂಡೊಡನೆ ಮಗು ಅವನ ಕೊರಳಿಗೆ ಜೋತುಬಿದ್ದು, ಅವನಿಗೆ ಬೇಡವಾದರೂ ಅಲ್ಲೇಲೂಯಾ ಹಾಡಲಿ ಎಂಬುದು ಆ ಪತ್ರದಲ್ಲಿನ ಒಂದು ಸಲಹೆ! ಹದಿನಾರು ಶತಮಾನಗಳ ಹಿಂದಿನ ಆ ತಾತನ ಮುಖ ಹೇಗಿತ್ತೆಂದು ನಮಗೆ ಚೆನ್ನಾಗಿ ಗೊತ್ತಾಯಿತು.

ಮುಂದೆ ಓದಿದೆವು. 382ರಲ್ಲಿ ಗ್ರೇಷಿಯನ್ ಚಕ್ರವರ್ತಿ ರೋಮಿನ ಸೆನೆಟ್ ಸಭೆಯಲ್ಲಿದ್ದ ವಿಜಯದೇವತೆಯ ಬಲಿಪೀಠವನ್ನು ತೆಗೆಸಿದ. ಹಳೆಯ ಪೂಜಾರಿಗಳಿಗೆ ಸಲ್ಲುತ್ತಿದ್ದ ಸರಕಾರಿ ದತ್ತಿಯನ್ನೂ ನಿಲ್ಲಿಸಿದ. 384ರಲ್ಲಿ ನಗರದ ಅಧಿಕಾರಿಯಾಗಿದ್ದ ಸಿಮ್ಮಾಕಸ್ ಎಂಬ ಶ್ರೀಮಂತನು ಮುಂದಿನ ಚಕ್ರವರ್ತಿ ವ್ಯಾಲೆಂಟಿನಿಯನ್‌ನಿಗೆ ಬಿನ್ನಹ ಬರೆದ. ಅಷ್ಟು ದೊಡ್ಡ ಸತ್ಯಕ್ಕೆ ದಾರಿ ಒಂದೇ ಇರಲಾರದು ಎಂಬುದು ಅವನ ವಾದ. ಪೀಠ ಬೇಕು, ನಿಂತ ದತ್ತಿಯೂ ಬೇಕು ಎಂಬುದು ಕೋರಿಕೆ. ಮಿಲಾನಿನ ಬಿಷಪ್ ಆಂಬ್ರೋಸ್ ಅಡ್ಡ ಬಂದ. ಅವನೂ ದೊಡ್ಡ ಅಧಿಕಾರಿಯೊಬ್ಬನ ಮಗನೇ. ಅರ್ಜಿ ವಜಾ ಆಯಿತು. ಅರ್ಜಿ ವಜಾ ಆಗುವುದೆಂದರೇನೆಂದು ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ದೊಡ್ಡವರು ಹಳೆಯ ಧರ್ಮಕ್ಕಾಗಿ ಕೊನೆಯವರೆಗೂ ಹೋರಾಡಿದ ವೀರರೆಂದು ಹಿಂದೆ ಬರೆಯುತ್ತಿದ್ದರು. ಅಂಥ ಹೋರಾಟವೇನೂ ನಡೆಯಲಿಲ್ಲವೆಂದು ಅಲನ್ ಕ್ಯಾಮೆರಾನ್ ಎಂಬ ವಿದ್ವಾಂಸರು 2011ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಹುದ್ದೆ, ಮದುವೆ, ಮಕ್ಕಳು ಎನ್ನುತ್ತ ಮನೆತನಗಳು ಸದ್ದಿಲ್ಲದೆ ಬದಲಾದವು. ಪ್ರೆಟೆಕ್ಸ್‌ಟೇಟಸ್ ಎಂಬ ಶ್ರೀಮಂತನಂತೂ, ರೋಮಿನ ಬಿಷಪ್ ಪದವಿ ಕೊಡುವುದಾದರೆ ಈಗಲೇ ಕ್ರೈಸ್ತನಾಗುತ್ತೇನೆಂದು ಪೋಪರನ್ನೇ ತಮಾಷೆ ಮಾಡಿದನಂತೆ. ಸಿಮ್ಮಾಕಸನ ವಂಶದಲ್ಲಿ ಅದೇ ಹೆಸರಿನ ಮರಿಮಗ 485ರಲ್ಲಿ ಕಾನ್ಸಲ್ ಆದ, ಅವನು ಕ್ರೈಸ್ತ. ಉಳಿದದ್ದು ಹಳೆಯ ಪುಸ್ತಕಗಳ ಪ್ರೀತಿ. ಸಿಮ್ಮಾಕಸನೂ ಅವನ ಬೀಗರೂ ತಿದ್ದಿಸಿದ ಲಿವಿಯ ಇತಿಹಾಸದ ಪ್ರತಿಗಳಿಂದ ಆ ಗ್ರಂಥದ ಭಾಗಗಳು ಇಂದಿಗೂ ನಮ್ಮ ಕೈಗೆ ಸಿಗುವಂತಾಯಿತು.

ಭಾನುವಾರ ಇದನ್ನೆಲ್ಲ ತಂದೆಯವರಿಗೆ ಓದಿ ಹೇಳಿದೆವು. ಅವರು ಕೇಳಿ, “ಅಷ್ಟು ದೂರ ಯಾಕೆ ಹೋದೆ? ಭಂಡಾರಿ ಬಸದಿ ಮರೆತೆಯಾ?” ಎಂದರು.

ಮರೆತಿರಲಿಲ್ಲ. ಹುಡುಗರಾಗಿದ್ದಾಗ ಶ್ರವಣಬೆಳಗೊಳದ ಆ ಬಸದಿಯ ಶಾಸನದ ಎದುರು ನಮ್ಮನ್ನು ನಿಲ್ಲಿಸಿ ಅವರೇ ವಿವರಿಸಿದ್ದರು. ನಮ್ಮಲ್ಲೂ ಒಂದು ಕಾಲಕ್ಕೆ ಎಲ್ಲವೂ ದೊಡ್ಡವರ ಆಸರೆಯಲ್ಲೇ ನಡೆದದ್ದು. ಗೊಮ್ಮಟನನ್ನು ಕಡೆಸಿದವನು ಗಂಗರ ಮಂತ್ರಿ ಚಾವುಂಡರಾಯ. ಹೊಯ್ಸಳ ವಿಷ್ಣುವರ್ಧನ ವೈಷ್ಣವನಾದನೆಂದು ಪರಂಪರೆ ಹೇಳುತ್ತದೆ. ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದು 1123ರಲ್ಲಿ ಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಒಂದೇ ಅರಮನೆ, ಎರಡು ದೇವರಮನೆ. ಭಂಡಾರಿ ಬಸದಿಯನ್ನು 1159ರಲ್ಲಿ ಕಟ್ಟಿಸಿದ ಹುಳ್ಳನೂ ಹೊಯ್ಸಳರ ಅಧಿಕಾರಿ. ಆ ಕಾಲ ಹೋಯಿತು. ಜೈನರಿಗೆ ಅರಮನೆಯ ಆಸರೆ ತಗ್ಗಿತು. ವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ನಾಡುನಾಡಿನ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು.

1368ರ ಶಾಸನ ಅದರ ತೀರ್ಪು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದ್ದ ಸಭೆಯಲ್ಲಿ ರಾಯನು ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದ. ಪಂಚಮಹಾವಾದ್ಯ, ಕಲಶಗಳು ಜೈನರಿಗೂ ಸಲ್ಲುವುವೆಂದ. ಇಷ್ಟನ್ನು ನಾವು ಶಾಲೆಯಲ್ಲೂ ಓದಿದ್ದೆವು. ತಂದೆಯವರು ಒತ್ತಿ ಹೇಳಿದ್ದು ಮುಂದಿನ ಮಾತನ್ನು. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು. ಹಣವೆಂದರೆ ಆಗಿನ ಸಣ್ಣ ಚಿನ್ನದ ನಾಣ್ಯ. ಅದನ್ನು ಕೂಡಿಸುವವನು ತಿರುಮಲೆಯ ತಾತಯ್ಯ, ವೈಷ್ಣವ! ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು. ಮಿಕ್ಕಿದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಮುಂದೆ ನಿಂತು ಇದನ್ನು ಸಾಗಿಸಿದ ಕಲ್ಲೇಹದ ಬುಸುವಿ ಸೆಟ್ಟಿಗೆ ಎರಡೂ ಸಮಯದವರು ಕೂಡಿ ‘ಸಂಘನಾಯಕ’ ಎಂಬ ಬಿರುದು ಕೊಟ್ಟರು.

“ನಿನ್ನ ರೋಮಿನವನು ಕೇಳಿದ್ದು ಸರಕಾರದ ದುಡ್ಡನ್ನ. ಅದು ನಿಂತಾಗ ಎಲ್ಲಾ ನಿಂತುಹೋಯ್ತು. ಇಲ್ಲಿ ಮನೆಮನೆಯವರು ಕೈಯಿಂದ ಹಾಕಿದ್ರು. ಬೆಳಗೊಳ ಇನ್ನೂ ಇದೆ” ಎಂದರು ತಂದೆಯವರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗು ಎಲ್ಲೋ ಹೋಗಿ ದೀಪ ಹಚ್ಚಿದಳು ಅಂತ ನನಗೆ ಬೇಜಾರಿಲ್ಲಪ್ಪ. ನಿನ್ನ ಮನೆ ದೀಪ ಎಣ್ಣೆ ಕಂಡು ಎಷ್ಟು ದಿನ ಆಯ್ತು, ಅದನ್ನ ಹೇಳು” ಎಂದರು.

ನಾವು ಉತ್ತರ ಕೊಡಲಿಲ್ಲ. ದೇವರ ಗೂಡಿನ ದೀಪದಲ್ಲಿ ಬತ್ತಿಯೇ ಇರಲಿಲ್ಲ. ಮಗಳಿಗೆ ಇಂಗ್ಲಿಷ್, ಹಿಂದಿ, ಮರಾಠಿ ಬಂದವು. ಕನ್ನಡ ಮಾತು ಬಂತು, ಓದು ಬರಲಿಲ್ಲ. ಕಲಿಸಿದ್ದರಲ್ಲವೆ ಬರುವುದು? ದೂರದ ನಗರ, ಇಕ್ಕಟ್ಟಿನ ಮನೆ, ಗಾಡಿಯ ನೂಕುನುಗ್ಗಲು ಎಂದು ನಾವು ಹೇಳಿಕೊಂಡು ಬಂದ ನೆಪಗಳೆಲ್ಲ ಸುಳ್ಳಲ್ಲ. ಆದರೆ ನಾವು ಕೊಡಬೇಕಾಗಿದ್ದ ಆ ಒಂದು ಹಣವನ್ನು ಯಾವ ವರ್ಷವೂ ಕೊಟ್ಟಿರಲಿಲ್ಲ ಎಂಬುದೂ ಸುಳ್ಳಲ್ಲ.

ಈಗ ಭಾನುವಾರವಾದರೂ ಹೊತ್ತು ಮುಳುಗುವ ಮುನ್ನ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ. ದೀಪಕ್ಕೆ ಎಣ್ಣೆ ಹಾಕುವವಳು ಮಗಳೇ. ಉಂಡಾದ ಮೇಲೆ ತಾತ ಅವಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಾರೆ. ಒತ್ತಕ್ಷರದ ತನಕ ಬಂದಿದ್ದಾಳೆ. ಅವಳು ಈಗಲೂ ಒಮ್ಮೊಮ್ಮೆ ಬುಧವಾರ ಗೆಳತಿಯ ಜೊತೆ ಸೇತುವೆ ದಾಟಿ ಹೋಗುವುದುಂಟು. ಆಗ ತಂದೆಯವರ ಮುಖ ನೋಡಲು ನಮಗೆ ಇನ್ನೂ ಧೈರ್ಯ ಸಾಲದು. ಆದರೆ ಅವರು ಟಿಕೇಟಿನ ಮಾತನ್ನು ಮತ್ತೆ ಎತ್ತಿಲ್ಲ, ನಾವೂ ತೆಗೆಸಿಲ್ಲ.